ಜಯಪ್ಪ ಮಾವನ ಜೀಪಿನ ಕ್ರಾಸು

ನನ್ನ ಸೋದರತ್ತೆ ಮಹಾದೇವಮ್ಮನಿಗೆ ಬಲಗೈಯಲ್ಲಿ ತೋರುಬೆರಳೂ ನಡುಬೆರಳೂ ಇರಲಿಲ್ಲ. ಉಂಗುರದ ಬೆರಳು ಇತ್ತು, ಆದರೆ ಮಡಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಾವು ಕೇಳಿದರೆ, "ಜೀಪು ತಿಂದ್ಬಿಡ್ತು ಕಣವ್ವ" ಎಂದು ನಕ್ಕು ಸುಮ್ಮನಾಗುತ್ತಿದ್ದರು. ಪಕ್ಕದಲ್ಲಿ ಅವರ ಗಂಡ ಜಯಪ್ಪ ಮಾವ ಇದ್ದರೆ ಅಷ್ಟನ್ನೂ ಹೇಳುತ್ತಿರಲಿಲ್ಲ. ಅದು ನಡೆದದ್ದು ನಾನು ಹುಟ್ಟುವುದಕ್ಕೆ ಮೂರು ವರ್ಷ ಮೊದಲು, ಐವತ್ನಾಲ್ಕನೇ ಇಸವಿಯಲ್ಲಿ. ನಮ್ಮಪ್ಪ ಶಾಂತಪ್ಪ, ಅಂದರೆ ಅತ್ತೆಯ ತಮ್ಮ, ಒಂದಷ್ಟು ಹೇಳಿದ್ದರು. ಅಮ್ಮ ಒಂದಷ್ಟು ಹೇಳಿದ್ದಳು. ಉಳಿದದ್ದನ್ನು ಅತ್ತೆಯೇ ತಮ್ಮ ಕೊನೆಯ ದಿನಗಳಲ್ಲಿ, ನಾನು ಗಂಜಿ ಕುಡಿಸುತ್ತಿದ್ದಾಗ, ಗುಟುಕಿಗೊಂದು ಮಾತಿನಂತೆ ಹೇಳಿದರು.

ಜಯಪ್ಪ ಮಾವನ ಊರು ಶನಿವಾರಸಂತೆಯಿಂದ ಮೂರು ಮೈಲಿ ಒಳಗೆ. ಒಂದಿಷ್ಟು ಗದ್ದೆ, ಒಂದು ತುಂಡು ಏಲಕ್ಕಿ ತೋಟ ಇತ್ತು. ಅಷ್ಟರಲ್ಲಿ ಕಾಲ ಹಾಕುವ ಮನಸ್ಸಿಲ್ಲದೆ ನಲವತ್ತೊಂದರಲ್ಲಿ ಮಿಲಿಟರಿಗೆ ಸೇರಿ ಲಾರಿ ಡ್ರೈವರ್ ಆದರು. ಬರ್ಮಾದ ಕಡೆ ಯುದ್ಧಕ್ಕೆ ಹೋದರು. ವಾಹನದ ಶಬ್ದ ಕೇಳಿಯೇ ಅದರ ಕಾಯಿಲೆ ಹೇಳುವುದರಲ್ಲಿ ಅವರಿಗೆ ಅಲ್ಲಿ ಹೆಸರಿತ್ತಂತೆ. ಸಾಲಾಗಿ ಲಾರಿಗಳು ಹೋಗುತ್ತಿರುವಾಗ ರಸ್ತೆ ಬದಿ ಕೂತು, ಇಂಥ ಲಾರಿಯ ಹಿಂದಿನ ಬೇರಿಂಗು ಹೋಗಿದೆ, ಇಂಥದ್ದರ ಗೇರ್ ಬಾಕ್ಸಿನಲ್ಲಿ ಎಣ್ಣೆ ಇಲ್ಲ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರಂತೆ. ಒಂದು ಮಧ್ಯಾಹ್ನ ಅವರ ಲಾರಿಯ ಪಕ್ಕದಲ್ಲೇ ಗುಂಡು ಬಿದ್ದು ಸಿಡಿಯಿತು. ಮೈಗೆ ಒಂದು ಗೀರೂ ಆಗಲಿಲ್ಲ. ಎರಡು ವಾರ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಆಗುತ್ತಿತ್ತು, ಆಮೇಲೆ ನಿಂತಿತು. ಬದುಕಿದೆ ಎಂದುಕೊಂಡರು.

ನಲವತ್ತಾರರಲ್ಲಿ ಊರಿಗೆ ಬಂದರು, ಅದೇ ವರ್ಷ ಅತ್ತೆಯನ್ನು ಮದುವೆಯಾದರು. ಎರಡು ವರ್ಷದ ಮೇಲೆ ಬೆಂಗಳೂರಿನಲ್ಲಿ ಮಿಲಿಟರಿಯ ಹಳೇ ವಾಹನಗಳನ್ನು ಹರಾಜು ಹಾಕಿದಾಗ ಒಂದು ಜೀಪು ತಂದರು. ಅಮೆರಿಕದ ಜೀಪು, ಸ್ಟಿಯರಿಂಗು ಎಡಗಡೆ. ಆಗ ಕೊಡಗು ಇನ್ನೂ ಬೇರೆಯೇ ರಾಜ್ಯ, ಮಡಿಕೇರಿಯಲ್ಲೇ ಸರ್ಕಾರ. ಶನಿವಾರಸಂತೆಯ ಒಳಗಿನ ಹಳ್ಳಿಗಳಿಗೆ ಬಸ್ಸು ಅನ್ನುವುದೇ ಇರಲಿಲ್ಲ. ಏಲಕ್ಕಿ ಮೂಟೆ, ಮದುವೆ ದಿಬ್ಬಣ, ಹೆರಿಗೆ ನೋವು ತಿನ್ನುತ್ತಿರುವ ಹೆಂಗಸರು, ಕಾಗದ ಪತ್ರ ಹಿಡಿದುಕೊಂಡು ಸೋಮವಾರಪೇಟೆಗೆ ಹೊರಟ ರೈತರು, ಎಲ್ಲರಿಗೂ ಮಾವನ ಜೀಪೇ ಆಯಿತು. ಅತ್ತೆಗೆ ಮಕ್ಕಳಾಗಲಿಲ್ಲ. ಜೀಪು ಅಂಗಳಕ್ಕೆ ಬಂದಾಗ ಬಿಸಿನೀರು ತಂದು ಅದರ ಮಣ್ಣು ತೊಳೆಯುತ್ತಿದ್ದರು ಎಂದು ಅಮ್ಮ ಈಗಲೂ ನಗುತ್ತಾಳೆ.

ಮಾವನ ಕಿವಿ ಮಂದವಾಗುತ್ತಿದೆ ಎಂದು ಮೊದಲು ಗೊತ್ತಾದದ್ದು ಅತ್ತೆಗೆ. ಒಂದು ಸಂಜೆ ಹಟ್ಟಿಯಿಂದ ಕರೆದರು, ಮಾವ ಓಗೊಡಲಿಲ್ಲ. ಸಿಟ್ಟೇನೋ ಎಂದುಕೊಂಡರು. ಇನ್ನೊಂದು ದಿನ ಮಾವನ ಬೆನ್ನ ಹಿಂದೆಯೇ ಹಿತ್ತಾಳೆ ಚೊಂಬು ಜಾರಿ ಬಿದ್ದು ಉರುಳಿತು, ಮಾವ ತಿರುಗಿ ನೋಡಲಿಲ್ಲ. ಅವತ್ತಿನಿಂದ ಅತ್ತೆ ಅವರನ್ನು ಹಿಂದಿನಿಂದ ಕರೆಯುವುದನ್ನು ಬಿಟ್ಟರು. ಮಾತಾಡಬೇಕಾದರೆ ಸುತ್ತಿಕೊಂಡು ಎದುರಿಗೆ ಬಂದು, ಮುಖ ನೋಡಿ, ನಿಧಾನವಾಗಿ ಆಡುತ್ತಿದ್ದರು. ಬಾಗಿಲಲ್ಲಿ ಯಾರಾದರೂ ಕೂಗಿದರೆ ಓಡಿಬಂದು ಮೊದಲು ತಾವೇ ಉತ್ತರ ಕೊಡುತ್ತಿದ್ದರು. ಒಂದು ಸಲವೂ ಅವರಿಗೆ "ನಿಮಗೆ ಕೇಳ್ತಿಲ್ಲ" ಎನ್ನಲಿಲ್ಲ. ಮಾವನಿಗೂ ತಕ್ಕಮಟ್ಟಿಗೆ ಗೊತ್ತಿತ್ತು. ಆದರೆ ತಾನು ಕೇಳಿಸಿಕೊಳ್ಳುತ್ತಿರುವುದು ಎಷ್ಟು, ಹೆಂಡತಿಯ ತುಟಿ ನೋಡಿ ತಿಳಿದುಕೊಳ್ಳುತ್ತಿರುವುದು ಎಷ್ಟು ಎನ್ನುವುದು ಅವರಿಗೇ ಗೊತ್ತಿರಲಿಲ್ಲ. ಜೀಪಿನಲ್ಲಿ ಯಾರಾದರೂ ಏನಾದರೂ ಕೇಳಿದರೆ, "ಇಂಜಿನ್ ಗಲಾಟೇಲಿ ಕೇಳಲ್ಲ, ಜೋರಾಗಿ ಹೇಳಿ" ಅನ್ನುತ್ತಿದ್ದರು. ಜನ ಅದನ್ನು ನಂಬಿದ್ದರು.

ಚಲುವಮ್ಮ ಎನ್ನುವವರು ಶನಿವಾರಸಂತೆಯ ಸರ್ಕಾರಿ ದಾದಿ. ಹೆರಿಗೆಗೆ ಕರೆ ಬಂದರೆ ಮಾವನ ಜೀಪಿನಲ್ಲೇ ಹಳ್ಳಿಗಳಿಗೆ ಹೋಗುತ್ತಿದ್ದರು. ಶಿವರಾತ್ರಿಗೆ ಮೊದಲಿನ ವಾರ ಹೀಗೆ ಒಂದು ಹೆರಿಗೆ ಮುಗಿಸಿ ಬರುತ್ತಿದ್ದಾಗ, ಇಳಿಯುವ ಮುಂಚೆ ಮಾವನ ಮುಖಕ್ಕೆ ನೇರವಾಗಿ ಕೇಳಿದರು.

"ಜಯಪ್ಪಣ್ಣ, ಗಾಡಿ ಹೊರಡುವಾಗ ಒಂದು ಸಲ, ನಿಲ್ಲುವಾಗ ಒಂದು ಸಲ ಟಕ್ ಟಕ್ ಅಂತ ಹೊಡ್ಕಳ್ತದಲ್ಲ, ಏನದು? ನಂಗೆ ಕೂತ್ರೆ ಎದೆ ಝಲ್ ಅಂತದೆ."

"ಅದಾ? ಏನಿಲ್ಲಮ್ಮ, ಹಳೇ ಗಾಡಿ" ಎಂದರು ಮಾವ.

"ತಿಂಗಳಿಂದ ಹೇಳ್ಬೇಕು ಅಂದ್ಕಂಡೆ. ನಿಮಗೆ ಗೊತ್ತಿರ್ತದೆ ಬಿಡಿ ಅಂತ ಸುಮ್ನಾದೆ."

ಮನೆಗೆ ಬಂದವರೇ ಅಂಗಳದಲ್ಲಿ ಜೀಪು ನಿಲ್ಲಿಸಿ, ಅಂಗಿ ಕೂಡ ಬಿಚ್ಚದೆ ಅದರ ಕೆಳಗೆ ತೂರಿದರು. ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದದ ಕೊಳವೆ ಇರುತ್ತದೆ, ಅದು ಶಾಫ್ಟು. ಅದರ ಎರಡು ತುದಿಯಲ್ಲೂ ಒಂದೊಂದು ಕೀಲು. ಕೀಲಿನೊಳಗೆ ನಾಲ್ಕು ತೋಳಿನ ಉಕ್ಕಿನ ತುಂಡು. ಮೆಕ್ಯಾನಿಕ್ಕುಗಳು ಅದನ್ನು ಕ್ರಾಸು ಅನ್ನುತ್ತಾರೆ. ಪ್ರತಿ ತೋಳಿಗೂ ಒಂದು ಚಿಕ್ಕ ಬಟ್ಟಲು ಟೋಪಿಯ ಹಾಗೆ ಕೂತಿರುತ್ತದೆ, ಬಟ್ಟಲಿನ ಒಳಗೋಡೆಗೆ ಒತ್ತಿಕೊಂಡು ಉಕ್ಕಿನ ಸೂಜಿಗಳು ಸುತ್ತಲೂ ನಿಂತಿರುತ್ತವೆ. ಗ್ರೀಸು ಒಣಗಿ ಆ ಸೂಜಿಗಳು ಸವೆದರೆ ಕೀಲು ಸಡಿಲವಾಗಿ ಹೊಡೆದುಕೊಳ್ಳುತ್ತದೆ. ಮಾವ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ತಿರುಚಿದರು. ಹಲ್ಲು ಅಲ್ಲಾಡಿದ ಹಾಗೆ ಅಲ್ಲಾಡಿತು. ಎರಡೂ ತುದಿ ಹೋಗಿತ್ತು.

ಕ್ರಾಸು ಸವೆಯುವುದು ದೊಡ್ಡ ಸಂಗತಿಯಲ್ಲ. ಮಿಲಿಟರಿಯಲ್ಲಿ ಎಷ್ಟೋ ಬದಲಿಸಿದ್ದರು. ಆದರೆ ಈ ಮಟ್ಟಕ್ಕೆ ಸವೆಯಬೇಕಾದರೆ ಅದು ದಿನಕ್ಕೆ ನೂರು ಸಲ, ಒಂದು ತಿಂಗಳಿಡೀ, ತನ್ನ ಸೀಟಿನ ಹಿಂದೆಯೇ ಹೊಡೆದುಕೊಂಡಿರಬೇಕು ಎಂದು ಅವರಿಗೆ ತಿಳಿಯಿತು. ಬಹಳ ಹೊತ್ತು ಕೆಳಗೇ ಮಲಗಿದ್ದರು. ಅತ್ತೆ ಹೋಗಿ ಬಗ್ಗಿ ನೋಡಿದರು.

"ಕ್ರಾಸು ಹೋಗಿದೆ" ಎಂದರು ಮಾವ. "ನಿಂಗೆ ಕೇಳ್ತಿತ್ತಾ?"

"ನಂಗೇನು ಗೊತ್ತಾಯ್ತದೆ ಗಾಡಿ ವಿಚಾರ" ಎಂದರು ಅತ್ತೆ. ಅವರಿಗೂ ಕೇಳುತ್ತಿತ್ತು. ಹೇಳಿದರೆ ಮಾವನಿಗೆ ತನ್ನ ಕಿವಿಯ ವಿಷಯ ಗೊತ್ತಾಗಿಬಿಡುತ್ತದೆ ಎಂದು ತಿಂಗಳಿಂದ ಬಾಯಿ ಕಟ್ಟಿಕೊಂಡಿದ್ದರು.

ಏಲಕ್ಕಿ ವ್ಯಾಪಾರಕ್ಕೆ ಮೈಸೂರಿಗೆ ಹೋಗುತ್ತಿದ್ದ ಅಪ್ಪ ಅಲ್ಲಿಂದ ಎರಡು ಕ್ರಾಸು ತಂದುಕೊಟ್ಟರು. ಎಣ್ಣೆ ಕಾಗದದಲ್ಲಿ ಸುತ್ತಿದ್ದರೂ ಬಸ್ಸಿನ ಕುಲುಕಾಟಕ್ಕೆ ಬಟ್ಟಲುಗಳಿಂದ ಸೂಜಿಗಳು ಉದುರಿಬಿಟ್ಟಿದ್ದವು. ಅವನ್ನು ಮತ್ತೆ ಬಟ್ಟಲಿನೊಳಗೆ ಗ್ರೀಸು ಬಳಿದು ಒಂದೊಂದಾಗಿ ನಿಲ್ಲಿಸಬೇಕು. ಒಂದು ಅಡ್ಡ ಬಿದ್ದರೂ ಬಟ್ಟಲು ಕೂರುವುದಿಲ್ಲ. ಮಾವನ ಬೆರಳು ದಪ್ಪ. "ಅದು ನಿನ್ನ ಕೆಲಸ ಮಾದೇವಿ" ಎಂದರು. ಅತ್ತೆ ಜಗಲಿಯಲ್ಲಿ ಬೋಗುಣಿ ಇಟ್ಟುಕೊಂಡು ಕೂತರು.

ಅಂಗಳ ಜೀಪಿನ ಮೂತಿಯ ಕಡೆಗೆ ಸ್ವಲ್ಪ ಇಳಿಜಾರು. ಮಾವ ಮುಂದಿನ ಎರಡು ಚಕ್ರಗಳಿಗೆ ಎರಡು ಕಲ್ಲು ಕೊಟ್ಟರು. ಆ ಜೀಪಿನ ಹ್ಯಾಂಡ್ ಬ್ರೇಕು ಚಕ್ರವನ್ನು ಹಿಡಿಯುವುದಲ್ಲ, ಗೇರ್ ಬಾಕ್ಸಿನ ಹಿಂದೆ ಶಾಫ್ಟನ್ನು ಹಿಡಿಯುವಂಥದ್ದು. ಶಾಫ್ಟು ಬಿಚ್ಚಿದ ಮೇಲೆ ಬ್ರೇಕು ಇದ್ದರೂ ಇಲ್ಲದ ಹಾಗೆ. ಜೀಪಿನಲ್ಲಿ ಮುಂದಿನ ಚಕ್ರಗಳಿಗೂ ಇಂಜಿನ್ನಿನ ಬಲ ಕೊಡುವ ಒಂದು ಲಿವರು ಇರುತ್ತದೆ, ಅದನ್ನು ಎಳೆದು ಗೇರಿನಲ್ಲಿ ನಿಲ್ಲಿಸಿದ್ದರೆ ಜೀಪು ಕದಲುತ್ತಿರಲಿಲ್ಲ. ಅದು ಗೊತ್ತಿಲ್ಲದವರಲ್ಲ ಮಾವ. ಆದರೆ ಅವತ್ತು ಅವರ ಮನಸ್ಸು ಎಲ್ಲೋ ಇತ್ತು, ಕಲ್ಲು ಸಾಕು ಎಂದುಕೊಂಡರು. ಎಡಗಡೆಯಿಂದ ಅಡ್ಡಡ್ಡಲಾಗಿ ತೂರಿ, ಎರಡೂ ಕಾಲುಗಳನ್ನು ಹಿಂದಿನ ಚಕ್ರದ ಮುಂದೆ ಹೊರಕ್ಕೆ ಚಾಚಿಕೊಂಡು ಮಲಗಿದರು.

ಮುಂದಿನ ತುದಿ ಬೇಗ ಬಂತು. ಹಿಂದಿನದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬೋಲ್ಟು ತೆಗೆದ ಮೇಲೂ ಬರಲಿಲ್ಲ. ಮಾವ ಸುತ್ತಿಗೆಯಲ್ಲಿ ಹೊಡೆಯತೊಡಗಿದರು. ಒಂದೊಂದು ಏಟಿಗೂ ಜೀಪು ನಡುಗುತ್ತಿತ್ತು. ಬೇಸಿಗೆಯ ಒಣ ಕೆಮ್ಮಣ್ಣು, ಜಲ್ಲಿಯ ಹಾಗೆ ಜಾರುವಂಥದ್ದು. ಅತ್ತೆ ಒಂದು ಬಟ್ಟಲು ಮುಗಿಸಿ ತಲೆ ಎತ್ತಿದಾಗ ಮುಂದಿನ ಕಲ್ಲು ತಾನೇ ನಡೆಯುತ್ತಿರುವ ಹಾಗೆ ಕಂಡಿತು. ಕಲ್ಲನ್ನು ತಳ್ಳಿಕೊಂಡು ಜೀಪು ಬೆರಳಷ್ಟು ಬೆರಳಷ್ಟೇ ಮುಂದಕ್ಕೆ ಬರುತ್ತಿತ್ತು. ಹಿಂದಿನ ಚಕ್ರಕ್ಕೂ ಮಾವನ ತೊಡೆಗೂ ಒಂದು ಗೇಣು ಇತ್ತೋ ಇಲ್ಲವೋ.

ಅತ್ತೆ ಕೂಗಿದರು. ಸುತ್ತಿಗೆಯ ಶಬ್ದ ನಿಲ್ಲಲಿಲ್ಲ. ಮತ್ತೆ ಕೂಗಿದರು. ಕಾಲು ಅಲ್ಲಾಡಲಿಲ್ಲ. ಬೋಗುಣಿ ಒದ್ದು ಹಾರಿ, ಜಗಲಿಯ ಪಕ್ಕದ ಸೌದೆ ರಾಶಿಯಿಂದ ಒಂದು ಕೊರಡು ಹಿಡಿದುಕೊಂಡು ಓಡಿ, ಹಿಂದಿನ ಚಕ್ರದ ಕೆಳಗೆ ಎರಡೂ ಕೈಯಲ್ಲಿ ಒತ್ತಿದರು. ಚಕ್ರ ಕೊರಡಿನ ಮೇಲೆ ಅರ್ಧ ಹತ್ತಿ ನಿಂತಿತು. ಅವರ ಬಲಗೈ ನಡುವೆ ಇತ್ತು.

ಮಾವನಿಗೆ ತಿಳಿದದ್ದು ಶಾಫ್ಟು ಕಳಚಿ ಎದೆಯ ಮೇಲೆ ಬಿದ್ದಾಗ. ಅದನ್ನು ಪಕ್ಕಕ್ಕೆ ತಳ್ಳಿ ತಲೆ ಹೊರಳಿಸಿದರೆ ಚಕ್ರದ ಹತ್ತಿರ ಹೆಂಡತಿ ಮೊಣಕಾಲೂರಿ ಕೂತಿದ್ದಳು, ಬಾಯಿ ತೆರೆದಿತ್ತು. ಇವಳು ಇಲ್ಲಿ ಯಾಕೆ ಕೂತಳು ಎಂದುಕೊಂಡರಂತೆ ಮೊದಲು. ಆಮೇಲೆ ಕೈ ನೋಡಿದರು.

ಆಳು ಕರಿಯ ಅಷ್ಟರಲ್ಲಿ ಗದ್ದೆಯಿಂದ ಓಡಿಬಂದಿದ್ದ. ಅವನು ಕೆಳಗಿನ ಗದ್ದೆಯಲ್ಲಿ ಹುರುಳಿ ಕೀಳುತ್ತಿದ್ದ. ಇಬ್ಬರೂ ಸೇರಿ ಜೀಪನ್ನು ಹಿಂದಕ್ಕೆ ನೂಕಿ ಕೈ ಬಿಡಿಸಿದರು. ಮಾವ ಟವೆಲ್ಲು ಹರಿದು ಬಿಗಿಯಾಗಿ ಕಟ್ಟಿದರು. ಸುತ್ತಮುತ್ತ ಬೇರೆ ವಾಹನವಿಲ್ಲ. ಇರುವ ಒಂದರ ಶಾಫ್ಟು ನೆಲದಲ್ಲಿ ಬಿದ್ದಿತ್ತು.

"ಮುಂದಿನ ಚಕ್ರದಲ್ಲೇ ಹೋಗ್ತದೆ, ಹತ್ತು" ಎಂದರು ಮಾವ. ಮುಂದಿನ ಚಕ್ರಗಳಿಗೆ ಬೇರೆ ಶಾಫ್ಟು ಇತ್ತಲ್ಲ, ಅದರ ಲಿವರು ಎಳೆದು, ಹಿಂದಿನ ಚಕ್ರಗಳನ್ನು ಸುಮ್ಮನೆ ಎಳೆದುಕೊಂಡು ಹೊರಟರು. ಶನಿವಾರಸಂತೆಯಲ್ಲಿ ಚಲುವಮ್ಮ ಕೈ ನೋಡಿದವರೇ ಮುಖ ಕಪ್ಪು ಮಾಡಿಕೊಂಡು, ತೊಳೆದು ಬೇರೆ ಬಟ್ಟೆ ಕಟ್ಟಿ, "ಇಲ್ಲಿ ಆಗೋದಲ್ಲ, ಮಡಿಕೇರಿಗೇ ನಡೀರಿ, ನಾನೂ ಬರ್ತೀನಿ" ಎಂದು ಹಿಂದೆ ಹತ್ತಿ ಕೂತರು.

ಸೋಮವಾರಪೇಟೆ ದಾಟಿದ ಮೇಲೆ ಒಂದು ಬಸ್ಸು ಹಿಂದೆ ಬಂತು. ಹಾರ್ನು ಹೊಡೆಯಿತು. ಮಾವ ದಾರಿ ಬಿಡಲಿಲ್ಲ. ಬಸ್ಸಿನವನು ಬಿಡದೆ ಒತ್ತಿಹಿಡಿದ. ಮಾವ ರಸ್ತೆಯ ನಡುವೆಯೇ, ಕಣ್ಣು ಮುಂದೆ ನೆಟ್ಟು ಹೋಗುತ್ತಿದ್ದರು. ಚಲುವಮ್ಮ ಹಿಂದೆ ತಿರುಗಿ ಬಸ್ಸು ನೋಡಿದರು, ಮುಂದೆ ತಿರುಗಿ ಮಾವನನ್ನು ನೋಡಿದರು. ನೋವಿನಲ್ಲಿ ಕಣ್ಣು ಮುಚ್ಚಿದ್ದ ಅತ್ತೆ ಕಣ್ಣು ತೆರೆದು, ಎಡಗೈಯಲ್ಲಿ ಮಾವನ ತೋಳು ಮುಟ್ಟಿ ಹಿಂದಕ್ಕೆ ಕೈ ತೋರಿಸಿದರು. ಮಾವ ತಕ್ಷಣ ಪಕ್ಕಕ್ಕೆ ಸರಿದರು. ಬಸ್ಸಿನ ಡ್ರೈವರು ಏನೋ ಬೈದುಕೊಂಡು ಹೋದ. ಚಲುವಮ್ಮ ಮಡಿಕೇರಿಯವರೆಗೆ ಹಿಂದಿನ ರಸ್ತೆಯನ್ನೇ ನೋಡುತ್ತಾ ಕೂತರು.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಮೂರನೆಯದನ್ನು ಉಳಿಸಿದ್ದೇ ಹೆಚ್ಚು ಎಂದರು ಡಾಕ್ಟರು. ಮೂರು ವಾರ ಇರಬೇಕೆಂದರು. ಅಮ್ಮ ಶಕುಂತಲಮ್ಮ ಹೋಗಿ ಜೊತೆಗಿದ್ದಳು. ಮೊದಲ ದಿನ ಅತ್ತೆಗೆ ಜ್ಞಾನ ಬಂದ ಮೇಲೆ ಮಾವ ಮಂಚದ ಹತ್ತಿರ ಬಗ್ಗಿ ಕೇಳಿದ್ದನ್ನು ಅಮ್ಮ ಕೇಳಿಸಿಕೊಂಡಿದ್ದಾಳೆ.

"ಒಂದು ಕೂಗು ಹಾಕಬಾರದಾಗಿತ್ತಾ ಮಾದೇವಿ? ನಾನೇ ಈಚೆ ಬರ್ತಿದ್ನಲ್ಲ."

ಅತ್ತೆ ಅವರ ಕಡೆ ಮುಖ ತಿರುಗಿಸಿದರಂತೆ.

"ಕೂಗೋಕೆ ಬಾಯೇ ಬರಲಿಲ್ಲ" ಎಂದರು. "ಗಾಬರಿ ಆಗ್ಬಿಡ್ತು."

ಮಾವ ಅದನ್ನು ನಂಬಿದರು. ನಂಬಬೇಕೆಂದು ಅವರಿಗೂ ಇತ್ತೋ ಏನೋ. ನೋಡಲು ಬಂದವರಿಗೆಲ್ಲ ಹೇಳತೊಡಗಿದರು: "ಇವಳು ಬಾಯಿಬಿಟ್ಟು ಒಂದು ಸಲ ಕೂಗಿದ್ರೆ ಸಾಕಾಗಿತ್ತು. ಹೆಂಗಸ್ರ ಬುದ್ಧಿ ನೋಡಿ, ಗಾಡಿಗೆ ಕೈ ಕೊಡ್ತಾರೆ." ಬಂದವರು ಹೌದೌದು ಎಂದು ತಲೆಯಾಡಿಸುತ್ತಿದ್ದರು, ಕೆಲವರು ಅತ್ತೆಗೆ ಬುದ್ಧಿಯನ್ನೂ ಹೇಳಿದರು. ಅತ್ತೆ ಕಟ್ಟು ಹಾಕಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೇಳುತ್ತಿದ್ದರು. ಅಮ್ಮನಿಗೆ ಅವತ್ತು ಏನೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ನಾನು ಜಯಪ್ಪಣ್ಣಾರ ಬಾಯಿ ಮುಚ್ಚಿಸ್ತಿದ್ದೆ ಅನ್ನುತ್ತಾಳೆ.

ಹತ್ತು ದಿನ ಕಳೆದ ಮೇಲೆ ಮಾವ ಊರಿಗೆ ಬಂದರು. ಹೆಂಡತಿಯನ್ನು ಸರಿಯಾದ ಜೀಪಿನಲ್ಲಿ ಕರೆತರಬೇಕೆಂದು ಕ್ರಾಸಿನ ಕೆಲಸಕ್ಕೆ ಕೂತರು. ಅಂಗಳದಲ್ಲಿ ಚೆಲ್ಲಿದ್ದ ಸೂಜಿಗಳನ್ನು ಕರಿಯ ಆರಿಸಿ ಒಂದು ತೆಂಗಿನ ಚಿಪ್ಪಿನಲ್ಲಿ ಹಾಕಿಟ್ಟಿದ್ದ. ಶಾಫ್ಟು ಹಿಡಿದುಕೊಳ್ಳಲು ಅವನನ್ನೇ ಕರೆದರು. ಹಳೇ ಬಟ್ಟಲುಗಳನ್ನು ಹೊಡೆದು ತೆಗೆಯುವಾಗ ಮಾವ ಅದೇ ಮಾತು ಎತ್ತಿದರು.

"ನಿಮ್ಮ ಅಕ್ಕಾರು ಒಂದು ಕೂಗು ಹಾಕಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ ಕಣೋ ಕರಿಯ."

ಕರಿಯ ಎದುರಿಗೇ ಕೂತಿದ್ದ. "ಕೂಗಿದ್ರಲ್ಲಣ್ಣ" ಎಂದ.

"ಏನು?"

"ಕೂಗಿದ್ರು ಅಂದೆ. ಗದ್ದೇಲಿದ್ದ ನಂಗೆ ಕೇಳಿಸ್ತು, ಅದಕ್ಕೆ ತಾನೆ ನಾನು ಓಡಿಬಂದಿದ್ದು. ಆಚೆ ದಿಣ್ಣೆಯ ಲಿಂಗೀನೂ ಕೇಳಿಸ್ಕಂಡು ಯಾರಿಗೇನಾಯ್ತು ಅಂತ ಬಂದ್ಳು."

ಮಾವ ಸುತ್ತಿಗೆ ಕೆಳಗಿಟ್ಟರು. "ಏನಂತ ಕೂಗಿದ್ಳು?"

ಕರಿಯ ಹೇಳಲು ಸಂಕೋಚಪಟ್ಟ. "ನಿಮ್ಮ ಹೆಸರು ಹಿಡಿದು, ಅಣ್ಣ. ಜಯಪ್ಪಾ, ಜಯಪ್ಪಾ ಅಂತ. ನಾನು ಮೊದಲು ನಿಮ್ಮ ಕಡೆ ದೊಡ್ಡೋರು ಯಾರೋ ಬಂದವ್ರೆ ಅಂದ್ಕಂಡೆ."

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಎಂಟು ವರ್ಷದಲ್ಲಿ ಅತ್ತೆಯ ಬಾಯಿಂದ ಆ ಹೆಸರು ಬಂದಿರಲಿಲ್ಲ. ಸಂತೆಯಲ್ಲಿ ಯಾರಾದರೂ ಯಜಮಾನರ ಹೆಸರೇನು ಎಂದರೆ ಪಕ್ಕದವರನ್ನು ನೋಡುತ್ತಿದ್ದರು.

ಮಾವ ಎದ್ದು, ಜೀಪಿನ ಕೆಳಗೆ ಅವತ್ತಿನ ಹಾಗೆಯೇ ಹೋಗಿ ಮಲಗಿದರು. "ಜಗಲೀಗೆ ಹೋಗು. ಅಕ್ಕಾರು ಕೂಗಿದ ಹಾಗೇ ಕೂಗು" ಎಂದರು. ಕರಿಯನಿಗೆ ಇದು ಯಾಕೋ ಸರಿ ಕಾಣಲಿಲ್ಲ. ಆದರೂ ಹೋದ. ಮಾವ ಸುತ್ತಿಗೆಯಲ್ಲಿ ಸಣ್ಣಗೆ ಒಂದೆರಡು ಏಟು ಹಾಕುತ್ತಾ ಕಾದರು. ಬಹಳ ಹೊತ್ತು ಕಾದರು. ಕೊನೆಗೆ ಬೇಸರಪಟ್ಟು ಈಚೆ ಬಂದು, "ಯಾವಾಗಲೋ ಕೂಗೋದು ನೀನು?" ಎಂದರು.

ಕರಿಯ ಜಗಲಿ ಕಂಬ ಹಿಡಿದುಕೊಂಡು ನಿಂತಿದ್ದ.

"ಮೂರು ಸಲ ಕೂಗಿದ್ನಲ್ಲಣ್ಣ" ಎಂದ.

ಮಾವ ಅಂಗಳದಲ್ಲೇ ಕೂತುಬಿಟ್ಟರು. ಕರಿಯ ನೀರು ತಂದುಕೊಟ್ಟರೆ ಕುಡಿಯಲಿಲ್ಲ. "ನೀನು ಹೋಗು, ನಾಳೆ ಬಾ" ಎಂದರು. ಅವನು ಹೋದ ಮೇಲೆ ಚಿಪ್ಪನ್ನು ಮುಂದಿಟ್ಟುಕೊಂಡು ಸೂಜಿ ಕೂರಿಸಲು ಹೊರಟರು. ಅವರ ಬೆರಳಿಗೆ ಅದು ಬಗ್ಗುವ ಕೆಲಸವಲ್ಲ. ಐದಾರು ನಿಲ್ಲಿಸುವಷ್ಟರಲ್ಲಿ ಒಂದು ಅಡ್ಡ ಬೀಳುತ್ತಿತ್ತು. ಅದನ್ನು ಎತ್ತಲು ಹೋದರೆ ಉಳಿದವೂ ಬೀಳುತ್ತಿದ್ದವು. ಅಪ್ಪ ಅವತ್ತು ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದಾಗ ನೋಡಿದ್ದು ಇದನ್ನು. ಮೊಣಕೈವರೆಗೆ ಗ್ರೀಸು, ಮುಖಕ್ಕೆಲ್ಲ ಗ್ರೀಸು. ಕಣ್ಣೊರೆಸಿಕೊಂಡ ಗುರುತು. ಒಂದೇ ಒಂದು ಬಟ್ಟಲು ಮುಗಿದಿತ್ತು. ಅದು ಅತ್ತೆ ಅವತ್ತು ಮುಗಿಸಿಟ್ಟದ್ದು.

ಅಪ್ಪ ಪಕ್ಕದಲ್ಲಿ ಕೂತು ಸೂಜಿ ತೆಗೆದುಕೊಡತೊಡಗಿದರು. ಮಾರನೆಯ ದಿನ ಸಂಜೆಗೆ ಎರಡೂ ಕ್ರಾಸು ಕೂತವು. ಬಟ್ಟಲು ಹೊರಗೆ ಬಾರದಂತೆ ತಡೆಯುವ ರಿಂಗುಗಳನ್ನು ಮಾವ ಉಗುರಿನಲ್ಲಿ ಒತ್ತಿ ಒತ್ತಿ ನೋಡಿದರು. ಶಾಫ್ಟು ಜೋಡಿಸಿ ಬೋಲ್ಟು ಬಿಗಿದರು. ಆಮೇಲೆ ಕೀಲಿಯನ್ನು ಅಪ್ಪನ ಕೈಗೆ ಕೊಟ್ಟರು. ಅಪ್ಪನಿಗೆ ಅಷ್ಟಿಷ್ಟು ಓಡಿಸಲು ಬರುತ್ತಿತ್ತು, ಮಾವನೇ ಕಲಿಸಿದ್ದರು.

"ನೀನು ಓಡಿಸು. ನಾನು ಪಕ್ಕದಲ್ಲಿ ಕೂರ್ತೀನಿ."

ಅರ್ಧ ಮೈಲಿ ಹೋಗಿ ನಿಲ್ಲಿಸಿ, ಮತ್ತೆ ಹೊರಡಿಸಿ, ಮತ್ತೆ ನಿಲ್ಲಿಸಿದರು. ಮಾವ ಅಪ್ಪನ ಬಾಯಿಯನ್ನೇ ನೋಡುತ್ತಿದ್ದರು.

"ಶಬ್ದ ಐತಾ?"

"ಇಲ್ಲ ಭಾವ. ಒಂಚೂರೂ ಇಲ್ಲ."

"ಮುಂಚೆ ಇತ್ತಾ?"

"ಇತ್ತು."

"ಎಷ್ಟು ದಿನದಿಂದ?"

"ಸಂಕ್ರಾಂತಿಯಿಂದಾನೇ ಇತ್ತು ಭಾವ."

"ನೀನೂ ಹೇಳಲಿಲ್ಲ."

"ನಿಮಗೆ ಕೇಳದೆ ಇರ್ತದಾ, ಏನೋ ಯೋಚನೆ ಮಾಡಿರ್ತೀರ ಅಂತ..." ಮಾವ ಇಳಿದು ಮನೆಯವರೆಗೆ ನಡೆದುಕೊಂಡು ಬಂದರಂತೆ. ಅಪ್ಪ ಜೀಪನ್ನು ಅವರ ಹಿಂದೆ ನಿಧಾನವಾಗಿ ತಂದರು, ಹಾರ್ನು ಹೊಡೆಯಲಿಲ್ಲ.

ಅತ್ತೆಯನ್ನು ಕರೆತರಲು ಹೋದಾಗಲೂ ಓಡಿಸಿದ್ದು ಅಪ್ಪನೇ. ಗಂಡ ಸ್ಟಿಯರಿಂಗಿನ ಹತ್ತಿರ ಹೋಗದೆ ಹಿಂದಿನ ಸೀಟಿಗೆ ಹತ್ತಿದ್ದನ್ನು ಕಂಡಾಗಲೇ ಅತ್ತೆಗೆ ಗೊತ್ತಾಯಿತು. ಅಮ್ಮನನ್ನು ಮುಂದೆ ಕೂರಿಸಿ ತಾವೂ ಹಿಂದೆ, ಮಾವನ ಎದುರಿನ ಸೀಟಿನಲ್ಲಿ ಕೂತರು. ಮಡಿಕೇರಿಯ ಇಳಿಜಾರು ಮುಗಿಯಿತು.

"ಕರಿಯ ಹೇಳಿದ" ಎಂದರು ಮಾವ.

ಅತ್ತೆ ತಲೆ ತಗ್ಗಿಸಿದರು. ಆಮೇಲೆ ಮುಖ ಎತ್ತಿ, ಅವರಿಗೆ ಕಾಣುವ ಹಾಗೆ ನಿಧಾನವಾಗಿ ಹೇಳಿದರು.

"ತಪ್ಪಾಯ್ತು. ಹೆಸರು ಹಿಡಿದ್ಬಿಟ್ಟೆ. ಬೇರೆ ಏನು ಕೂಗಬೇಕು ಅಂತ ತೋಚಲಿಲ್ಲ."

ಮಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತದ್ದನ್ನು ಅಪ್ಪ ಕನ್ನಡಿಯಲ್ಲಿ ನೋಡಿದರು. ರಸ್ತೆ ಕಾಣದೆ ಪಕ್ಕಕ್ಕೆ ನಿಲ್ಲಿಸಿದರು. ಅಮ್ಮನಿಗೆ ಆಗ ಅರ್ಥವಾಯಿತು. "ಆಸ್ಪತ್ರೇಲಿ ಅಷ್ಟು ಜನರ ಮುಂದೆ ನಿನ್ನನ್ನ ಬೈಸಿದ್ನಲ್ಲೇ" ಎಂದು ಮಾವ ಹೇಳುತ್ತಿದ್ದರು. ಅತ್ತೆ ಎಡಗೈಯಿಂದ ಅವರ ಮೊಣಕಾಲು ತಟ್ಟುತ್ತಾ, "ಬೈದ್ರೆ ಬೈಲಿ ಬಿಡಿ, ನಿಮ್ಮ ಕಾಲು ಉಳೀತಲ್ಲ" ಅನ್ನುತ್ತಿದ್ದರು. ಮಾವ ಮುಖ ಮುಚ್ಚಿಕೊಂಡಿದ್ದರಿಂದ ಅದು ಅವರಿಗೆ ತಿಳಿಯಲಿಲ್ಲ.

ಆ ಬೇಸಿಗೆಯಲ್ಲೇ ಜೀಪನ್ನು ಸಿದ್ದಾಪುರದ ಕಡೆಯ ಒಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕೊಂಡುಕೊಂಡು ಹೋದರು. ಅವರು ಓಡಿಸಿ ನೋಡಿ, "ಶಬ್ದವೇ ಇಲ್ಲ, ಹೊಸಾ ಗಾಡಿ ಹಂಗೈತೆ" ಎಂದು ಹೊಗಳಿದರು. ಮಾವ ಅವರ ಬಾಯಿ ನೋಡಿ ಹೌದೌದು ಎಂದರು. ಹಳ್ಳಿಯವರು ಆಮೇಲೆ ಎರಡು ವರ್ಷ ಹೆರಿಗೆಗೆ ಎತ್ತಿನ ಗಾಡಿಯನ್ನೇ ಕಟ್ಟಬೇಕಾಯಿತು. ಒಂದು ಮಳೆಗಾಲದಲ್ಲಿ ಕೆಳಗಿನ ಕೇರಿಯ ಸೋಮಿ ಎನ್ನುವ ಹೆಣ್ಣುಮಗಳು ದಾರಿಯಲ್ಲೇ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಆ ಸುದ್ದಿ ತಿಳಿದ ದಿನ ಮಾವ ಊಟ ಮಾಡಲಿಲ್ಲ. ಯಾರೂ ಅವರನ್ನು ಒಂದು ಮಾತು ಅನ್ನಲಿಲ್ಲ. ಚಲುವಮ್ಮನೇ ಮನೆಗೆ ಬಂದು, "ನೀವು ಗಾಡಿ ಓಡಿಸೋದು ನಿಲ್ಲಿಸಿದ್ದು ಒಳ್ಳೇದಾಯ್ತು ಜಯಪ್ಪಣ್ಣ. ನಾನು ಅವತ್ತು ಬಸ್ಸಿನ ಹಾರ್ನು ಕೇಳ್ದಾಗಲೇ ಹೇಳ್ಬೇಕಿತ್ತು, ನನ್ನ ಕೈಲಿ ಆಗಲಿಲ್ಲ" ಎಂದು ಹೇಳಿಹೋದರು.

ಕೊಡಗು ಮೈಸೂರಿಗೆ ಸೇರಿದ ವರ್ಷ, ಐವತ್ತಾರರಲ್ಲಿ, ಮಾವನಿಗೆ ಉಳಿದಿದ್ದ ಅಷ್ಟಿಷ್ಟು ಕಿವಿಯೂ ಹೋಯಿತು. ನಾನು ಕಂಡ ಮಾವ ಏಲಕ್ಕಿ ಒಣಗಿಸುವ, ಕರಿಯನ ಜೊತೆ ಗದ್ದೆಯ ಬದು ಕಟ್ಟುವ, ಸಂತೆಗೆ ಹೋಗದ ಮನುಷ್ಯ. ಅತ್ತೆ ಎಡಗೈಯಲ್ಲಿ ರೊಟ್ಟಿ ತಟ್ಟುವುದನ್ನು ಕಲಿತಿದ್ದರು. ಅವರ ರೊಟ್ಟಿ ಒಂದು ಕಡೆ ದಪ್ಪ ಇರುತ್ತಿತ್ತು. ಮಾವ ಒಲೆಯ ಆಚೆ, ಅತ್ತೆಯ ಮುಖ ಕಾಣುವಲ್ಲಿ ಕೂತು, ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಿಕೊಡುತ್ತಿದ್ದರು. ಇಬ್ಬರ ಮಾತೂ ಅಲ್ಲೇ. ಅತ್ತೆ ದನಿ ತೆಗೆಯದೆ ಬರೀ ತುಟಿ ಆಡಿಸುತ್ತಿದ್ದರು, ಮಾವ ನಗುತ್ತಿದ್ದರು ಅಥವಾ ಜಗಳ ಆಡುತ್ತಿದ್ದರು. ನೋಡುವ ನಮಗೆ ಏನೂ ತಿಳಿಯುತ್ತಿರಲಿಲ್ಲ.

ಅತ್ತೆ ಎಪ್ಪತ್ನಾಲ್ಕರಲ್ಲಿ ಹೋದರು. ಎದೆಯಲ್ಲಿ ಕಫ ಕಟ್ಟಿ ಇಪ್ಪತ್ತು ದಿನ ಮಲಗಿದ್ದರು. ಕೊನೆಯ ಎರಡು ದಿನ ತುಟಿ ಆಡಿಸುವುದಕ್ಕೂ ಶಕ್ತಿ ಇರಲಿಲ್ಲ. ಮಾವ ಮಂಚದ ಪಕ್ಕದಲ್ಲಿ ಬಗ್ಗಿ ಅವರ ಬಾಯಿಯನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ಅಪ್ಪ ಅವರನ್ನು ನಮ್ಮ ಮನೆಗೆ ಕರೆತಂದರು. ಆಗ ನಮಗೆ ಗೊತ್ತಾದದ್ದು, ಮಾವನಿಗೆ ತಿಳಿಯುತ್ತಿದ್ದದ್ದು ಅತ್ತೆಯ ತುಟಿ ಮಾತ್ರ ಎಂದು. ನಾವು ಎಷ್ಟು ನಿಧಾನವಾಗಿ, ಎಷ್ಟು ಎದುರಿಗೆ ನಿಂತು ಹೇಳಿದರೂ ಅವರಿಗೆ ಹಿಡಿಯಲು ಬರಲಿಲ್ಲ. ಅಮ್ಮ ಊಟ ಅಂದರೂ ಹೂಂ ಅನ್ನುತ್ತಿದ್ದರು, ಮಳೆ ಅಂದರೂ ಹೂಂ ಅನ್ನುತ್ತಿದ್ದರು. ನಾನು ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದೆ. ಓದಿ, ಉತ್ತರ ಹೇಳಿ, ಸ್ಲೇಟು ವಾಪಸು ಕೊಡುತ್ತಿದ್ದರು. ತಾವಾಗಿ ಏನನ್ನೂ ಕೇಳುತ್ತಿರಲಿಲ್ಲ. ಐದು ವರ್ಷ ಹಾಗೆ ಇದ್ದು, ಕಾಫಿ ಕುಯ್ಲಿನ ದಿನಗಳಲ್ಲಿ ಒಂದು ಬೆಳಿಗ್ಗೆ ಹಾಸಿಗೆಯಲ್ಲೇ ಹೋದರು.

ಅತ್ತೆಯ ಪಕ್ಕದಲ್ಲೇ ಮಣ್ಣು ಮಾಡಿದೆವು. ಗುಂಡಿ ತೋಡಿದ್ದು ಕರಿಯಣ್ಣ. ಅವನಿಗೂ ಆಗ ವಯಸ್ಸಾಗಿತ್ತು, ಬೇರೆಯವರಿಗೆ ಗುದ್ದಲಿ ಕೊಡಲಿಲ್ಲ. ಎಲ್ಲ ಮುಗಿದು ಜನ ಹೊಳೆಯ ಕಡೆ ಹೊರಟಾಗ ಅವನು ಹಿಂದೆ ಉಳಿದ, ನಾನೂ ನಿಂತೆ.

"ನಾನು ಅವತ್ತು ಬಾಯಿ ಬಿಡಬಾರದಾಗಿತ್ತು ಕಣವ್ವ" ಎಂದ. "ಅಕ್ಕಾರು ಮುಚ್ಚಿಟ್ಟಿದ್ನ ನಾನು ತೆಗೆದ್ಬಿಟ್ಟೆ. ಅಕ್ಕಾರು ಒಂದು ದಿನಾನೂ ನನ್ನ ಅನ್ನಲಿಲ್ಲ. ಅಂದಿದ್ರೆ ನಂಗೆ ಒಂಚೂರು ಹಗುರಾಗ್ತಿತ್ತು."

ನಾನು ಅವನ ಕೈಯಿಂದ ಗುದ್ದಲಿ ತೆಗೆದುಕೊಂಡೆ. ಇಬ್ಬರೂ ಹೊಳೆಯ ಕಡೆ ಇಳಿದೆವು.